ಬೂಟ್‌ಸ್ಟ್ರ್ಯಾಪ್ ಗಣನೆಯೂ ಇತಿಹಾಸದ ಸಾಕ್ಷ್ಯವೂ: ಒಂದು ವಿಮರ್ಶೆ

ಇತಿಹಾಸದ ಬರವಣಿಗೆಯಲ್ಲಿ ಅಂಕಿಸಂಖ್ಯೆಗಳಿಗೆ ಸ್ಥಾನ ದೊರೆತದ್ದು ಹೊಸ ಸಂಗತಿಯೇನಲ್ಲ. ದತ್ತಿಯ ಭೂಮಿಯ ಅಳತೆ, ಸುಂಕದ ಮೊತ್ತ, ಧಾನ್ಯದ ಬೆಲೆ ಮೊದಲಾದವನ್ನು ಕುರಿತು ನಾವು ಬಹುಕಾಲದಿಂದ ಸರಾಸರಿಗಳನ್ನು ತೆಗೆದು ಬರೆಯುತ್ತ ಬಂದಿದ್ದೇವೆ. ಆದರೆ ಆ ಸರಾಸರಿಗಳು ಎಷ್ಟರಮಟ್ಟಿಗೆ ನಂಬಲರ್ಹವಾದುವು ಎಂಬ ಪ್ರಶ್ನೆಯನ್ನು ನಾವು ಕೇಳಿಕೊಂಡದ್ದು ಅಪರೂಪ. ಹತ್ತು ಶಾಸನಗಳಿಂದ ತೆಗೆದ ಸರಾಸರಿಯನ್ನೂ ಸಾವಿರ ಶಾಸನಗಳಿಂದ ತೆಗೆದ ಸರಾಸರಿಯನ್ನೂ ಒಂದೇ ಧಾಟಿಯಲ್ಲಿ ಹೇಳಿಬಿಡುವುದು ನಮ್ಮಲ್ಲಿ ರೂಢಿಯಾಗಿದೆ. ಗಣಕಯಂತ್ರವು ವಿದ್ಯಾರ್ಥಿಯ ಮೇಜಿಗೆ ಬಂದಮೇಲೆ ಈ ರೂಢಿ ಸಡಿಲವಾಗತೊಡಗಿದೆ. ಸರಾಸರಿಯ ಪಕ್ಕದಲ್ಲಿ ನೂರಕ್ಕೆ 95ರ ವಿಶ್ವಾಸದ ಎಲ್ಲೆಗಳನ್ನು ಬರೆದಿಡುವುದು ಈಗ ಕೆಲವು ನಿಮಿಷಗಳ ಕೆಲಸ. ಅದಕ್ಕಿರುವ ಸುಲಭವಾದ ದಾರಿಗಳಲ್ಲಿ ಬೂಟ್‌ಸ್ಟ್ರ್ಯಾಪ್ ಎಂಬ ವಿಧಾನ ಮುಖ್ಯವಾದುದು.

ಈ ವಿಧಾನವನ್ನು ಗಣಿತಜ್ಞರಲ್ಲದವರ ಕೈಗೂ ತಲುಪಿಸಿದ ಗ್ರಂಥಗಳಲ್ಲಿ ಬ್ರ್ಯಾಡ್ಲಿ ಎಫ್ರಾನ್ ಮತ್ತು ರಾಬರ್ಟ್ ಟಿಬ್‌ಶಿರಾನಿ ಅವರು 1993ರಲ್ಲಿ ಪ್ರಕಟಿಸಿದ ಬೂಟ್‌ಸ್ಟ್ರ್ಯಾಪ್ ಪ್ರವೇಶಿಕೆಯು ಅಗ್ರಗಣ್ಯವಾದುದು. ಸಂಖ್ಯಾಶಾಸ್ತ್ರಜ್ಞರು ಅದನ್ನು ತಮ್ಮ ದೃಷ್ಟಿಯಿಂದ ವಿಮರ್ಶಿಸಿ ಮೂರು ದಶಕಗಳು ಕಳೆದಿವೆ. ಪ್ರಕೃತ ಲೇಖನದಲ್ಲಿ ನಾವು ಅದನ್ನು ಇತಿಹಾಸದ ಅಧ್ಯಾಪಕರ ದೃಷ್ಟಿಯಿಂದ ನೋಡಲು ಯತ್ನಿಸಿದ್ದೇವೆ. ನಮ್ಮ ಪ್ರಶ್ನೆ ಇಷ್ಟೇ: ಅಳಿದುಳಿದ ಸಾಕ್ಷ್ಯಗಳನ್ನೇ ನೆಚ್ಚಿ ಕೆಲಸ ಮಾಡಬೇಕಾದವರಿಗೆ ಈ ಗಣನೆಯು ಯಾವುದನ್ನು ಹೇಳಬಲ್ಲುದು, ಯಾವುದನ್ನು ಹೇಳಲಾರದು?

ಮೊದಲು ವಿಧಾನದ ಸ್ವರೂಪವನ್ನು ತಿಳಿಯೋಣ. ಯಾವುದೇ ಸಮಷ್ಟಿಯಿಂದ ನಮಗೆ ದೊರೆತಿರುವ ನಮೂನೆ ಸಾಮಾನ್ಯವಾಗಿ ಒಂದೇ. ಅದೇ ಸಮಷ್ಟಿಯಿಂದ ಇನ್ನೊಮ್ಮೆ, ಮತ್ತೊಮ್ಮೆ ನಮೂನೆಯನ್ನೆತ್ತಲು ಸಾಧ್ಯವಾಗಿದ್ದರೆ, ಪ್ರತಿ ಸಲವೂ ಸರಾಸರಿ ಎಷ್ಟು ಹೆಚ್ಚುಕಡಿಮೆಯಾಗುತ್ತದೆಂಬುದನ್ನು ಕಣ್ಣಾರೆ ಕಾಣಬಹುದಾಗಿತ್ತು. ಅದು ಸಾಧ್ಯವಿಲ್ಲದಿರುವಾಗ ಏನು ಮಾಡಬೇಕು? ಹಳೆಯ ಸಂಖ್ಯಾಶಾಸ್ತ್ರವು ಸೂತ್ರಗಳನ್ನು ಕೊಟ್ಟಿತು. ಆದರೆ ಸರಾಸರಿಗೆ ಇರುವಂತಹ ಸರಳವಾದ ಸೂತ್ರ ಮಧ್ಯಕಕ್ಕೆ ಇಲ್ಲ; ಸಹಸಂಬಂಧಾಂಕದ ಸೂತ್ರವಾದರೋ ಅನೇಕ ಊಹೆಗಳ ಮೇಲೆ ನಿಂತಿದೆ. ಮಾರಿಸ್ ಕೆನೂಯಿ 1949ರಲ್ಲಿ ಆರಂಭಿಸಿದ, ಜಾನ್ ಟ್ಯೂಕಿ ಮುಂದುವರಿಸಿ ಜ್ಯಾಕ್‌ನೈಫ್ ಎಂದು ಹೆಸರಿಟ್ಟ ಇನ್ನೊಂದು ಉಪಾಯವಿದ್ದಿತು. ನಮೂನೆಯಿಂದ ಒಂದೊಂದೇ ಅಂಕಿಯನ್ನು ಬಿಟ್ಟು ಮತ್ತೆ ಮತ್ತೆ ಲೆಕ್ಕ ಮಾಡುವುದು ಅದರ ಕ್ರಮ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಎಫ್ರಾನ್ ಅವರು ಅದನ್ನೇ ಮರುಪರಿಶೀಲಿಸುತ್ತ 1979ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಹೊಸ ಮಾರ್ಗವನ್ನು ತೋರಿಸಿದರು. ಕೈಯಲ್ಲಿರುವ ನಮೂನೆಯನ್ನೇ ಸಮಷ್ಟಿಯೆಂದು ಭಾವಿಸಿಕೊಂಡು, ಅದರಿಂದಲೇ ಮತ್ತೆ ನಮೂನೆಗಳನ್ನೆತ್ತುವುದು ಆ ಮಾರ್ಗ. ತನ್ನ ಬೂಟಿನ ಪಟ್ಟಿಯನ್ನು ತಾನೇ ಹಿಡಿದೆಳೆದು ತನ್ನನ್ನು ಮೇಲಕ್ಕೆತ್ತಿಕೊಂಡವನ ಕಟ್ಟುಕತೆಯಿಂದ ಅದರ ಹೆಸರು ಬಂದಿದೆ.

ಗ್ರಂಥದ ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಶಸ್ತ್ರಕ್ರಿಯೆಗೊಳಗಾದ 16 ಇಲಿಗಳಲ್ಲಿ 7ಕ್ಕೆ ಒಂದು ಚಿಕಿತ್ಸೆಯನ್ನು ಕೊಟ್ಟು, 9ನ್ನು ಚಿಕಿತ್ಸೆಯಿಲ್ಲದೆ ಬಿಡಲಾಯಿತು. ಚಿಕಿತ್ಸೆ ಪಡೆದವು ಬದುಕಿದ ದಿನಗಳು 94, 197, 16, 38, 99, 141, 23, ಸರಾಸರಿ 86.86. ಉಳಿದವುಗಳ ಸರಾಸರಿ 56.22. ವ್ಯತ್ಯಾಸ 30.63 ದಿನಗಳು. ಚಿಕಿತ್ಸೆ ಫಲಿಸಿತೆಂದು ಹೇಳಲು ಯಾರಿಗಾದರೂ ಆತುರವಾದೀತು. ಈಗ ಮೊದಲ ಏಳು ಅಂಕಿಗಳನ್ನು ಏಳು ಚೀಟಿಗಳಲ್ಲಿ ಬರೆದು ಮಡಕೆಯೊಂದರಲ್ಲಿ ಹಾಕಿ, ಒಂದನ್ನೆತ್ತಿ ಬರೆದುಕೊಂಡು ಮತ್ತೆ ಮಡಕೆಗೇ ಹಾಕಿ, ಹೀಗೆ ಏಳು ಸಲ ಎತ್ತಬೇಕು. ಒಮ್ಮೆ 94, 16, 197, 197, 38, 23, 99 ಬರಬಹುದು. ಆಗ ಸರಾಸರಿ ಸುಮಾರು 94.9. ಇನ್ನೊಮ್ಮೆ 16, 23, 38, 38, 94, 141, 99 ಬರಬಹುದು. ಆಗ ಅದು 64.1ಕ್ಕೆ ಇಳಿಯುತ್ತದೆ. ಎರಡು ಗುಂಪುಗಳಿಗೂ ಹೀಗೆಯೇ ಸಾವಿರಾರು ಸಲ ಮಾಡಿ ನೋಡಿದರೆ, 30.63 ದಿನಗಳ ಆ ವ್ಯತ್ಯಾಸದ ಪ್ರಮಾಣದೋಷವು ಸುಮಾರು 27 ದಿನಗಳೆಂದು ತಿಳಿಯುತ್ತದೆ. ವ್ಯತ್ಯಾಸವೂ ಅದರ ತೂಗಾಟವೂ ಹೆಚ್ಚುಕಡಿಮೆ ಸಮನಾಗಿರುವುದರಿಂದ ಚಿಕಿತ್ಸೆಯ ಪರವಾಗಿ ಏನನ್ನೂ ನಿಶ್ಚಯಿಸುವಂತಿಲ್ಲ. ಸೂತ್ರದಿಂದ ಲೆಕ್ಕಹಾಕಿದರೂ ಸುಮಾರು 29 ದಿನಗಳೇ ಬರುತ್ತವೆ. ಹಳೆಯ ದಾರಿಯೂ ಹೊಸ ದಾರಿಯೂ ಒಂದೇ ಊರಿಗೆ ಹೋಗುತ್ತವೆಂಬುದಕ್ಕೆ ಇದು ಸಾಕ್ಷಿ. ಸೂತ್ರವಿಲ್ಲದ ಕಡೆಗೂ ಹೊಸ ದಾರಿ ಮುಂದುವರಿಯುತ್ತದೆಂಬುದು ಅದರ ಹೆಚ್ಚಳ.

ಈ ಗುಣವನ್ನು ಇತಿಹಾಸದ ವಿದ್ಯಾರ್ಥಿಗಳು ಕಡೆಗಣಿಸಬಾರದು. ನಮ್ಮ ಅಂಕಿಗಳು ಸಾಮಾನ್ಯವಾಗಿ ಸ್ವಲ್ಪ. ಅವುಗಳ ಹಂಚಿಕೆ ವಕ್ರವಾದುದು. ಸಣ್ಣ ದತ್ತಿಗಳು ಹಲವಿರುವೆಡೆ ಒಂದೆರಡು ಭಾರಿ ದತ್ತಿಗಳು ಸೇರಿ ಸರಾಸರಿಯನ್ನು ಎಳೆದೊಯ್ಯುತ್ತವೆ. ಮೇಲಣ ಇಲಿಗಳ ಲೆಕ್ಕದಲ್ಲಿ 197 ಎಂಬ ಒಂದೇ ಅಂಕಿಯು ಮಾಡಿದ ಕೆಲಸವೂ ಇದೇ. ಅದು ಎರಡು ಸಲ ಬಂದಾಗ ಸರಾಸರಿ ಏರಿತು, ಬಾರದಿದ್ದಾಗ ಕುಸಿಯಿತು. ನಮ್ಮ ತೀರ್ಮಾನವು ಯಾವ ಒಂದು ಶಾಸನದ ಕೊರಳಿಗೆ ಜೋತುಬಿದ್ದಿದೆ ಎಂಬುದನ್ನು ಈ ಗಣನೆಯು ನಿರ್ದಾಕ್ಷಿಣ್ಯವಾಗಿ ತೋರಿಸಿಕೊಡುತ್ತದೆ. ಹತ್ತು ಅಂಕಿಗಳ ಸರಾಸರಿಯನ್ನು ಶಿಲಾಲಿಖಿತವೆಂಬಂತೆ ಬರೆಯುತ್ತಿದ್ದ ನಮಗೆ ಇದು ಬೇಕಾಗಿದ್ದ ಶಿಕ್ಷೆಯೆಂದೇ ಹೇಳಬೇಕು.

ಹೀಗೆ ಗುಣವನ್ನು ಒಪ್ಪಿಕೊಂಡಮೇಲೆ ನಮ್ಮ ಆಕ್ಷೇಪಣೆಗೆ ಬರುತ್ತೇವೆ. ಗ್ರಂಥದ ಆರಂಭದ ಅಧ್ಯಾಯಗಳ ಮುಖ್ಯ ಉದಾಹರಣೆಗಳು ಮೂರು. ಮೊದಲನೆಯದು ವೈದ್ಯರ ಮೇಲೆ ನಡೆದ ಆಸ್ಪಿರಿನ್ ಪ್ರಯೋಗ. ಅಲ್ಲಿ ಆಸ್ಪಿರಿನ್ ಪಡೆದ 11,037 ಮಂದಿಯಲ್ಲಿ 104 ಮಂದಿಗೆ, ಹುಸಿಗುಳಿಗೆ ಪಡೆದ 11,034 ಮಂದಿಯಲ್ಲಿ 189 ಮಂದಿಗೆ ಹೃದಯಾಘಾತವಾಯಿತು. ಎರಡನೆಯದು ಮೇಲೆ ಹೇಳಿದ ಇಲಿಗಳು. ಮೂರನೆಯದು ಅಮೆರಿಕದ 82 ಕಾನೂನು ಶಾಲೆಗಳಿಂದ ಆಯ್ದ 15 ಶಾಲೆಗಳು. ಅವುಗಳ ಪ್ರವೇಶಪರೀಕ್ಷೆಯ ಅಂಕಗಳಿಗೂ ಹಿಂದಿನ ವ್ಯಾಸಂಗದ ಅಂಕಗಳಿಗೂ ಇರುವ ಸಹಸಂಬಂಧಾಂಕ 0.776, ಬೂಟ್‌ಸ್ಟ್ರ್ಯಾಪ್ ಕೊಟ್ಟ ಪ್ರಮಾಣದೋಷ ಸುಮಾರು 0.13, ಎಲ್ಲ 82 ಶಾಲೆಗಳನ್ನೂ ತೆಗೆದುಕೊಂಡಾಗ ಬಂದ ನಿಜವಾದ ಬೆಲೆ 0.76. ಉತ್ತರವು ಎಲ್ಲೆಯೊಳಗೇ ಬಿತ್ತು. ಓದುಗನಿಗೆ ವಿಶ್ವಾಸ ಹುಟ್ಟುತ್ತದೆ. ಆದರೆ ಈ ಮೂರರಲ್ಲಿಯೂ ಸಮಾನವಾದ ಒಂದು ಅಂಶವಿದೆ. ಯಾರಿಗೆ ಯಾವ ಗುಳಿಗೆ, ಯಾವ ಇಲಿಗೆ ಚಿಕಿತ್ಸೆ, ಯಾವ ಶಾಲೆ ನಮೂನೆಗೆ ಎಂಬುದನ್ನು ಪ್ರಯೋಗಕರ್ತರೇ ಚೀಟಿಯೆತ್ತಿದಂತೆ ಯಾದೃಚ್ಛಿಕವಾಗಿ ನಿಶ್ಚಯಿಸಿದ್ದರು. ಮೊದಲ ಸಲ ನಿಜವಾಗಿಯೂ ಚೀಟಿಯೆತ್ತಿದ್ದುದರಿಂದಲೇ ಎರಡನೆಯ ಸಲದ ಚೀಟಿಯೆತ್ತುವಿಕೆಗೆ ಅರ್ಥ ಬಂದಿತು. ಶಾಸನಗಳನ್ನು ನಮಗೋಸ್ಕರ ಹಾಗೆ ಯಾರೂ ಆಯ್ದು ಕೊಟ್ಟಿಲ್ಲ.

ಇಲ್ಲಿ ಈ ವಿಧಾನದ ಪೂರ್ವೇತಿಹಾಸವನ್ನು ಸ್ವಲ್ಪ ನೆನೆಯುವುದು ಉಚಿತ. ಅದು ನಮ್ಮ ದೇಶದ ಹೊಲಗಳಿಗೆ ಸಂಬಂಧಿಸಿದ್ದು. ಪೀಟರ್ ಹಾಲ್ ಅವರು 2003ರಲ್ಲಿ ಬೂಟ್‌ಸ್ಟ್ರ್ಯಾಪಿನ ಪೂರ್ವಚರಿತ್ರೆಯನ್ನು ಬರೆಯುತ್ತ, ಅದರ ಬೇರುಗಳನ್ನು ಭಾರತದ ಬೆಳೆ ಅಂದಾಜಿನ ಕೆಲಸದಲ್ಲಿ ಗುರುತಿಸಿದರು. ಐ.ಸಿ.ಎಸ್. ಅಧಿಕಾರಿಯಾಗಿದ್ದ ಜೆ. ಎ. ಹಬ್ಬಕ್ ಅವರು 1920ರ ದಶಕದಲ್ಲಿ ಬಿಹಾರ–ಒರಿಸ್ಸಾ ಪ್ರಾಂತದಲ್ಲಿ ಭತ್ತದ ಇಳುವರಿಯನ್ನು ತಿಳಿಯಲು, ಯಾದೃಚ್ಛಿಕವಾಗಿ ಆಯ್ದ ಜಾಗಗಳಲ್ಲಿ ಸಣ್ಣ ಚೌಕಟ್ಟನ್ನಿಟ್ಟು ಪೈರನ್ನು ಕೊಯ್ಯಿಸಿ ತೂಗಿಸಿದರು. ಅವರ ವರದಿಯನ್ನು ಪೂಸಾದ ಕೃಷಿ ಸಂಶೋಧನ ಸಂಸ್ಥೆಯು 1927ರಲ್ಲಿ ಪ್ರಕಟಿಸಿತು. ಕಲ್ಕತ್ತೆಯಲ್ಲಿ 1931ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಸ್ಥಾಪಿಸಿದ ಪಿ. ಸಿ. ಮಹಲನೋಬಿಸ್ ಅವರು 1937ರಿಂದ ಬಂಗಾಳದ ಸೆಣಬಿನ ಬೆಳೆಯ ಸಮೀಕ್ಷೆಯಲ್ಲಿ ಇನ್ನೂ ಮುಂದೆ ಹೋದರು. ಒಂದೇ ಪ್ರದೇಶದ ಮೇಲೆ ಎರಡು ಅಥವಾ ಹೆಚ್ಚು ಬಿಡಿ ನಮೂನೆಗಳನ್ನು ಒಂದರೊಳಗೊಂದು ಹೆಣೆದಂತೆ ಹರಡಿ, ಒಂದೊಂದನ್ನು ಬೇರೆಬೇರೆ ತಂಡಕ್ಕೆ ಒಪ್ಪಿಸುವುದು ಅವರ ಕ್ರಮ. ಎರಡು ತಂಡಗಳು ತಂದ ಅಂದಾಜುಗಳ ನಡುವಣ ಅಂತರವೇ ಒಟ್ಟು ಲೆಕ್ಕದ ಅನಿಶ್ಚಯವನ್ನು ಹೇಳುತ್ತದೆ; ಅದಕ್ಕೆ ಬೇರೆ ಸೂತ್ರ ಬೇಕಾಗಿಲ್ಲ.

ನಮೂನೆಯನ್ನು ಒಡೆದು ಅದರಿಂದಲೇ ಅದರ ದೋಷವನ್ನು ಅಳೆಯುವ ಈ ಕಲ್ಪನೆಯು ಬೂಟ್‌ಸ್ಟ್ರ್ಯಾಪಿನ ಹಿರಿಯ ಬಂಧುವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಹಿರಿಯನಲ್ಲಿದ್ದ ಒಂದು ಶಕ್ತಿಯು ಕಿರಿಯನಿಗೆ ಇಳಿದುಬರಲಿಲ್ಲ. ಮಹಲನೋಬಿಸರ ಎರಡು ತಂಡಗಳು ಬೇರೆಬೇರೆ ಕಣ್ಣುಗಳಿಂದ ಹೊಲವನ್ನು ನೋಡಿದುವು. ಒಂದು ತಂಡದವರು ಮರದ ನೆರಳಿನಲ್ಲಿ ಕುಳಿತು ಪಟ್ಟಿಯನ್ನು ತುಂಬಿದ್ದರೆ, ಒಬ್ಬ ತನಿಖೆದಾರನು ಹೊಲದ ಗುರುತನ್ನು ತಪ್ಪಾಗಿ ಹಿಡಿದಿದ್ದರೆ, ಅದು ಎರಡು ಅಂದಾಜುಗಳ ಅಂತರದಲ್ಲಿ ಹೊರಬೀಳುವ ಸಂಭವವಿತ್ತು. ಬೂಟ್‌ಸ್ಟ್ರ್ಯಾಪ್ ಆದರೋ ಒಂದೇ ತಂಡವು ತಂದ ಪಟ್ಟಿಯನ್ನು ಹತ್ತು ಸಾವಿರ ಸಲ ಕಲಸಿ ನೋಡುತ್ತದೆ. ಆ ತಂಡ ಕಾಣದಿದ್ದುದನ್ನು ಅದೂ ಕಾಣದು. ಆ ತಂಡ ತಪ್ಪಾಗಿ ಕಂಡದ್ದನ್ನು ಅದೂ ಹಾಗೆಯೇ ಕಾಣುತ್ತದೆ.

ಈ ಭೇದವು ಬರಿಯ ತರ್ಕದ ಮಾತಲ್ಲವೆಂಬುದಕ್ಕೆ ಅದೇ ಬೆಳೆ ಸಮೀಕ್ಷೆಗಳ ಇತಿಹಾಸದಲ್ಲಿ ನಿದರ್ಶನವಿದೆ. ಸಣ್ಣ ಚೌಕಟ್ಟುಗಳಿಂದ ಇಳುವರಿಯನ್ನು ಅಳೆಯುವುದು ಅಗ್ಗವೂ ಶೀಘ್ರವೂ ಆದುದರಿಂದ ಹೆಚ್ಚು ಜಾಗಗಳಲ್ಲಿ ಕೊಯ್ಲು ಮಾಡಬಹುದು. ಹಾಗಾಗಿ ಏರಿಳಿತದ ದೋಷವು ಕಡಮೆಯಾಗುತ್ತದೆ. ಆದರೆ ಪಿ. ವಿ. ಸುಖಾತ್ಮೆ ಅವರು 1946ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇಂತಹ ಸಣ್ಣ ಚೌಕಟ್ಟುಗಳು ಇಳುವರಿಯನ್ನು ಇರುವುದಕ್ಕಿಂತ ಹೆಚ್ಚಾಗಿ ತೋರಿಸುತ್ತವೆಂದು ಎಚ್ಚರಿಸಿದರು. ಗಡಿಯ ಮೇಲೆ ನಿಂತ ಪೈರನ್ನು ಕೊಯ್ಯುವವನು ಒಳಗಿನದೆಂದೇ ಎಣಿಸುವುದು ಸಹಜ. ಚೌಕಟ್ಟು ಸಣ್ಣದಾದಷ್ಟೂ ಒಳಭಾಗಕ್ಕೆ ಹೋಲಿಸಿದರೆ ಗಡಿಯ ಪಾಲು ಹೆಚ್ಚು. ಇಂತಹ ಸಾವಿರ ಕೊಯ್ಲುಗಳನ್ನು ಮರುನಮೂನೆಯೆತ್ತಿ ಲೆಕ್ಕಹಾಕಿದರೆ ಬಿಗಿಯಾದ, ನೋಡಲು ಚೆಲುವಾದ ಎಲ್ಲೆಗಳು ಬರುತ್ತವೆ. ನಿಜವಾದ ಇಳುವರಿ ಮಾತ್ರ ಆ ಎಲ್ಲೆಗಳ ಹೊರಗೆ ಉಳಿಯಬಹುದು.

ಇದಕ್ಕಿಂತ ಪ್ರಸಿದ್ಧವಾದ ಉದಾಹರಣೆ ಅಮೆರಿಕದ 1936ರ ಅಧ್ಯಕ್ಷ ಚುನಾವಣೆಯದು. ‘ಲಿಟರರಿ ಡೈಜೆಸ್ಟ್’ ಪತ್ರಿಕೆಯು ಸುಮಾರು ಒಂದು ಕೋಟಿ ಮತಪತ್ರಗಳನ್ನು ಅಂಚೆಯಲ್ಲಿ ಕಳುಹಿಸಿ, ಹಿಂದಿರುಗಿದ ಸುಮಾರು 23 ಲಕ್ಷ ಉತ್ತರಗಳಿಂದ ರೂಸ್‌ವೆಲ್ಟ್ ಅವರಿಗೆ ನೂರಕ್ಕೆ ಸುಮಾರು 43 ಮತಗಳು ಬರುವುವೆಂದು ಲೆಕ್ಕಹಾಕಿತು. ಅವರಿಗೆ ಬಂದುದು ನೂರಕ್ಕೆ 60ಕ್ಕೂ ಹೆಚ್ಚು. ಟೆಲಿಫೋನ್ ಮತ್ತು ಮೋಟಾರುಗಾಡಿ ಇದ್ದವರ ಪಟ್ಟಿಗಳಿಂದ ವಿಳಾಸಗಳನ್ನು ಹೆಕ್ಕಿದ್ದೂ, ಉತ್ತರಿಸಲು ಮನಸ್ಸು ಮಾಡಿದವರ ಉತ್ತರಗಳು ಮಾತ್ರ ಬಂದುದೂ ಈ ತಪ್ಪಿಗೆ ಕಾರಣಗಳೆಂದು ಹೇಳುತ್ತಾರೆ. ಆ 23 ಲಕ್ಷ ಉತ್ತರಗಳ ಮೇಲೆ ಬೂಟ್‌ಸ್ಟ್ರ್ಯಾಪ್ ನಡೆಸಿದ್ದರೆ ನೂರಕ್ಕೆ 95ರ ಎಲ್ಲೆಗಳು ಆ 43ರ ಎರಡು ಪಕ್ಕಗಳಲ್ಲಿ ನೂರಕ್ಕೆ 0.1ನ್ನೂ ಮುಟ್ಟುತ್ತಿರಲಿಲ್ಲ. ತಪ್ಪು ನೂರಕ್ಕೆ 17ಕ್ಕಿಂತ ಹೆಚ್ಚು. ನಮೂನೆ ದೊಡ್ಡದಾದಷ್ಟೂ ಇಂತಹ ಏಕಮುಖ ದೋಷವು ಹೆಚ್ಚು ಧೈರ್ಯದಿಂದ ಮಾತನಾಡುತ್ತದೆ.

ಈ ವಿಚಾರಗಳನ್ನು ನಮ್ಮ ಕ್ಷೇತ್ರಕ್ಕೆ ಅನ್ವಯಿಸಿ ನೋಡೋಣ. ಒಬ್ಬ ವಿದ್ಯಾರ್ಥಿಯು ಒಂದು ತಾಲ್ಲೂಕಿನ 40 ಶಾಸನಗಳಿಂದ ದತ್ತಿಭೂಮಿಯ ಸರಾಸರಿ ಅಳತೆಯನ್ನು ತೆಗೆದಿದ್ದಾನೆಂದು ಇಟ್ಟುಕೊಳ್ಳೋಣ. ಅವುಗಳಲ್ಲಿ 25 ಶಾಸನಗಳು ಒಂದೇ ದೇವಾಲಯದ ಆವರಣದಲ್ಲಿವೆ. 40 ಚೀಟಿಗಳನ್ನು ಮಾಡಿ ಎತ್ತತೊಡಗಿದರೆ ಗಣಕಯಂತ್ರವು ಅವನ್ನು 40 ಬಿಡಿ ಸಾಕ್ಷಿಗಳೆಂದೇ ಎಣಿಸುತ್ತದೆ. ಆದರೆ ಒಂದೇ ದೇವಾಲಯದ ದಾನಿಗಳು ಒಬ್ಬರನ್ನೊಬ್ಬರು ನೋಡಿ ಕೊಟ್ಟಿರಬಹುದು, ಒಂದೇ ಮನೆತನದವರಿರಬಹುದು. ಅವರ ಸಾಕ್ಷ್ಯ 25 ಸಾಕ್ಷಿಗಳದಲ್ಲ. ಇಲ್ಲಿ ಶಾಸನಕ್ಕೊಂದು ಚೀಟಿಯ ಬದಲು ದೇವಾಲಯಕ್ಕೊಂದು ಚೀಟಿ ಮಾಡಬೇಕು. ಆಗ ಎಲ್ಲೆಗಳು ಸಾಮಾನ್ಯವಾಗಿ ಅಗಲವಾಗುತ್ತವೆ, ಅಗಲವಾಗುವುದೇ ಪ್ರಾಮಾಣಿಕವಾದುದು. ಕಾಲಕ್ರಮದಲ್ಲಿ ಒಂದಕ್ಕೊಂದು ಹೊಂದಿಕೊಂಡ ಅಂಕಿಗಳನ್ನು ತುಂಡುತುಂಡಾಗಿ ಎತ್ತುವ ಕ್ರಮವನ್ನು ವಿಮರ್ಶಿತ ಗ್ರಂಥವೂ ವಿವರಿಸಿದೆ. ಆದರೆ ಅದು ಎಂಟನೆಯ ಅಧ್ಯಾಯದಲ್ಲಿದೆ. ಅವಸರದ ಓದುಗನು ಮೊದಲ ಅಧ್ಯಾಯಗಳಲ್ಲಿಯೇ ನಿಂತುಬಿಡುತ್ತಾನೆ.

ಎರಡನೆಯದಾಗಿ, ಇತಿಹಾಸಕಾರನಿಗೆ ಅತಿ ಪ್ರಿಯವಾದ ಪ್ರಶ್ನೆಗಳು ಅತ್ಯಂತ ಪ್ರಾಚೀನವಾದುದು ಯಾವುದು, ಅತ್ಯಂತ ದೊಡ್ಡದು ಯಾವುದು ಎಂಬುವು. ಈ ಪ್ರಶ್ನೆಗಳಲ್ಲಿ ಬೂಟ್‌ಸ್ಟ್ರ್ಯಾಪ್ ಸೋಲುತ್ತದೆಂಬುದನ್ನು ಬಿಕೆಲ್ ಮತ್ತು ಫ್ರೀಡ್‌ಮನ್ 1981ರಲ್ಲಿಯೇ ತೋರಿಸಿದ್ದಾರೆ. ಗ್ರಂಥಕರ್ತರೂ ಇಂತಹ ಸೋಲಿನ ಉದಾಹರಣೆಯೊಂದನ್ನು ಮುಚ್ಚುಮರೆಯಿಲ್ಲದೆ ಕೊಟ್ಟಿದ್ದಾರೆ. ಕಾರಣ ಸರಳವಾದುದು. ಮಡಕೆಯಲ್ಲಿಲ್ಲದ ಚೀಟಿಯು ಕೈಗೆ ಬಾರದು. ನಮೂನೆಯಲ್ಲಿರುವ ಅತ್ಯಂತ ದೊಡ್ಡ ಅಂಕಿಯು, ನಮೂನೆ ಸಾಕಷ್ಟು ದೊಡ್ಡದಾಗಿದ್ದಾಗ, ನೂರು ಮರುನಮೂನೆಗಳಲ್ಲಿ ಸುಮಾರು 63ರಲ್ಲಿ ಹಾಗೆಯೇ ಮರಳಿ ಬರುತ್ತದೆ. ಅದನ್ನು ಮೀರಿದ ಅಂಕಿಯಂತೂ ಒಮ್ಮೆಯೂ ಬರುವುದಿಲ್ಲ. ಕ್ರಿ.ಶ. ಸುಮಾರು 450ರದೆಂದು ಎಣಿಸಲಾದ ಹಲ್ಮಿಡಿ ಶಾಸನವು ಎಂ. ಎಚ್. ಕೃಷ್ಣ ಅವರಿಂದ 1936ರಲ್ಲಿ ಬೆಳಕಿಗೆ ಬಂದಿತು. ಅದಕ್ಕೆ ಮುಂಚೆ ತಿಳಿದಿದ್ದ ಕನ್ನಡ ಶಾಸನಗಳ ಕಾಲಗಳನ್ನು ಎಷ್ಟು ಲಕ್ಷ ಸಲ ಕಲಸಿದ್ದರೂ ಐದನೆಯ ಶತಮಾನದ ಕನ್ನಡದ ಸುಳಿವು ದೊರೆಯುತ್ತಿರಲಿಲ್ಲ. ತಾಳಗುಂದದ ಉತ್ಖನನದಲ್ಲಿ ದೊರೆತ ಸಿಂಹಕಟಾಂಜನ ಶಾಸನವು ಹಲ್ಮಿಡಿಗಿಂತಲೂ ಹಿಂದಿನದೆಂಬ ಅಭಿಪ್ರಾಯ ಈಗ ಬಂದಿದೆ. ಈ ಎರಡು ಹೆಜ್ಜೆಗಳೂ ಕ್ಷೇತ್ರಕಾರ್ಯದಿಂದ ಬಂದುವು.

ಮೂರನೆಯದು ಎಲ್ಲಕ್ಕಿಂತ ಗಂಭೀರವಾದುದು. ನಮ್ಮ ನಮೂನೆಯನ್ನು ಆಯ್ದುಕೊಟ್ಟುದು ಯಾದೃಚ್ಛಿಕತೆಯಲ್ಲ, ಉಳಿವು. ಕಲ್ಲಿನ ಮೇಲೆ ಕೊರೆಯಿಸಲು ಶಕ್ತಿಯಿದ್ದವರ ದಾನ ಉಳಿಯಿತು. ಓಲೆಯಲ್ಲಿ ಬರೆದದ್ದು ಬಹುಮಟ್ಟಿಗೆ ಅಳಿಯಿತು. ಬಾಯಿಮಾತಿನಲ್ಲಿ ಕೊಟ್ಟದ್ದು ದಾಖಲೆಗೇ ಬರಲಿಲ್ಲ. ದೇವಾಲಯ ನಿಂತ ಕಡೆ ಶಾಸನ ನಿಂತಿತು. ಇದಕ್ಕೆ ನಮ್ಮ ಓದಿನ ದೋಷವೂ ಸೇರುತ್ತದೆ: ಸವೆದ ಅಕ್ಷರದ ಅಂಕಿಯನ್ನು ಒಬ್ಬರು ಒಂದು ಬಗೆಯಾಗಿ, ಮತ್ತೊಬ್ಬರು ಇನ್ನೊಂದು ಬಗೆಯಾಗಿ ಓದುತ್ತಾರೆ, ಮತ್ತರಿನ ಅಳತೆಯಾದರೋ ಅಳೆದ ಗಳೆಯನ್ನನುಸರಿಸಿ ಊರಿಂದೂರಿಗೆ ಬದಲಾಗುತ್ತಿತ್ತು. ಇಂತಹ ಸಾಮಗ್ರಿಯ ಮೇಲೆ ಬೂಟ್‌ಸ್ಟ್ರ್ಯಾಪ್ ನಡೆಸಿ ಪಡೆದ ಎಲ್ಲೆಗಳು ‘ಉಳಿದಿರುವ ಕಲ್ಲುಗಳು ಇದೇ ರೀತಿಯಲ್ಲಿ ಮತ್ತೆ ಉಳಿದು, ಇದೇ ಕಣ್ಣಿನಿಂದ ಮತ್ತೆ ಓದಲ್ಪಟ್ಟರೆ’ ಎಂಬ ಷರತ್ತಿನ ಮೇಲೆ ಮಾತ್ರ ಸತ್ಯ. ಷರತ್ತನ್ನು ಬಿಟ್ಟು ಎಲ್ಲೆಗಳನ್ನು ಮಾತ್ರ ಅಚ್ಚುಮಾಡಿದರೆ ‘ಆ ಕಾಲದ ದಾನಗಳ ಸರಾಸರಿ’ ಎಂದು ಓದುಗನು ಭ್ರಮಿಸುವನು. ಬಡವರ ದಾನವು ಮೊದಲು ಕಲ್ಲಿನಿಂದ ಬಿಟ್ಟುಹೋಯಿತು; ಈಗ ನಮ್ಮ ಲೆಕ್ಕವು ಅದಕ್ಕೆ ಮುದ್ರೆಯೊತ್ತಿ, ಅಂತಹವರು ಇರಲೇ ಇಲ್ಲವೆಂದು ಹೇಳಿದಂತಾಗುತ್ತದೆ.

ಹಾಗಾದರೆ ಈ ವಿಧಾನವನ್ನು ಇತಿಹಾಸ ವಿಭಾಗಗಳಿಂದ ದೂರವಿಡಬೇಕೆ ಎಂದು ಕೇಳಬಹುದು. ಉಳಿವಿನ ದೋಷವು ಹಳೆಯ ಸೂತ್ರಗಳಿಗೂ ಉಂಟು, ಲೆಕ್ಕವೇ ಇಲ್ಲದ ವರ್ಣನೆಗೂ ಉಂಟು. ಬೂಟ್‌ಸ್ಟ್ರ್ಯಾಪನ್ನು ಮಾತ್ರ ಏಕೆ ದೂಷಿಸಬೇಕು ಎಂಬ ಪ್ರತಿವಾದವೂ ನ್ಯಾಯವಾದುದೇ. ನಾವು ದೂಷಿಸುತ್ತಿರುವುದು ಅದರ ಸುಲಭತೆಯನ್ನು. ಸೂತ್ರವನ್ನು ಬಳಸುವವನು ಅದರ ಊಹೆಗಳನ್ನು ಪುಟದ ಮೇಲೆ ಓದಬೇಕಾಗಿತ್ತು. ಇಲ್ಲಿ ಊಹೆಯು ಚೀಟಿಯೆತ್ತುವ ಕ್ರಿಯೆಯೊಳಗೇ ಅಡಗಿರುವುದರಿಂದ ಅದು ಇದೆಯೆಂಬುದೇ ಮರೆತುಹೋಗುತ್ತದೆ. ಆದುದರಿಂದ ವಿಧಾನವನ್ನು ಕಲಿಸಬೇಕು, ಆದರೆ ಅದರ ಹಿರಿಯರ ಜೊತೆಯಲ್ಲಿ ಕಲಿಸಬೇಕೆಂಬುದು ನಮ್ಮ ಮತ.

ಇದಕ್ಕೆ ಮೂರು ಸೂಚನೆಗಳನ್ನು ಮಾಡಬಯಸುತ್ತೇವೆ. ಪ್ರೌಢಪ್ರಬಂಧಗಳಲ್ಲಿ ಯಾವುದೇ ಎಲ್ಲೆಗಳನ್ನು ಕೊಡುವ ಮುನ್ನ ಈ ಸಾಮಗ್ರಿ ಹೇಗೆ ಉಳಿಯಿತು, ಹೇಗೆ ಸಂಗ್ರಹವಾಯಿತು ಎಂಬುದನ್ನು ವಿದ್ಯಾರ್ಥಿಯು ಒಂದು ಪುಟದಲ್ಲಾದರೂ ಬರೆಯಬೇಕು. ಯಾವುದನ್ನು ಒಂದು ಚೀಟಿಯೆಂದು ಎಣಿಸಿದ್ದಾನೆ, ಶಾಸನವನ್ನೋ ದೇವಾಲಯವನ್ನೋ ಮನೆತನವನ್ನೋ, ಎಂಬುದನ್ನು ಸ್ಪಷ್ಟಪಡಿಸಬೇಕು. ಮೂರನೆಯದಾಗಿ, ಸಾಧ್ಯವಾದೆಡೆಗಳಲ್ಲೆಲ್ಲ ಒಂದೇ ಶಾಸನಗಳನ್ನು ಇಬ್ಬರು ವಿದ್ಯಾರ್ಥಿಗಳು ಒಬ್ಬರ ಓದನ್ನೊಬ್ಬರು ನೋಡದೆ ಓದಿ ಅಂಕಿಗಳನ್ನು ಬರೆದುಕೊಳ್ಳಬೇಕು. ಇಬ್ಬರ ಸರಾಸರಿಗಳ ಅಂತರವನ್ನು ಬೂಟ್‌ಸ್ಟ್ರ್ಯಾಪಿನ ಎಲ್ಲೆಗಳ ಪಕ್ಕದಲ್ಲಿಯೇ ಅಚ್ಚುಮಾಡಬೇಕು. ಸೆಣಬಿನ ಹೊಲಗಳಿಗೆ ಎರಡು ತಂಡಗಳನ್ನು ಕಳುಹಿಸಿದ ಮಹಲನೋಬಿಸರ ಕ್ರಮದಿಂದ ನಾವು ಕಲಿತ ಪಾಠ ಇದು; ಇದಕ್ಕೆ ಬೇಕಾದುದು ಇನ್ನೊಬ್ಬ ವಿದ್ಯಾರ್ಥಿಯ ಶ್ರಮವಷ್ಟೆ. ಇಬ್ಬರ ಅಂತರವು ಎಲ್ಲೆಗಳನ್ನು ಮೀರಿದ ಕಡೆ ಚೀಟಿಗಳನ್ನು ಇನ್ನಷ್ಟು ಸಲ ಎತ್ತಿ ಫಲವಿಲ್ಲ. ಮತ್ತೆ ಕಲ್ಲಿನ ಬಳಿಗೇ ಹೋಗಿ ಓದಬೇಕು.